ಡಯಲ್ ಎಂನಲ್ಲಿತ್ತು, ಕ್ಯಾಮೆರಾ ಮಾತು ಕೇಳುತ್ತಿರಲಿಲ್ಲ: 5ಡಿ ಮಾರ್ಕ್ 2 ಫರ್ಮ್‌ವೇರ್ ಪ್ರಕರಣ

ಕ್ಯಾಮೆರಾ ತಲೆ ಮೇಲಿನ ಡಯಲ್ಲನ್ನು ಎಂ ಅಕ್ಷರಕ್ಕೆ, ಅಂದರೆ ಮ್ಯಾನುಯಲ್‌ಗೆ, ತಿರುಗಿಸಿದರೆ ಏನರ್ಥ? ಅಪರ್ಚರ್ (ಲೆನ್ಸಿನ ಕಂಡಿ ಎಷ್ಟು ತೆರೆಯಬೇಕು) ನಾನು ಹೇಳಿದಷ್ಟು, ಶಟರ್ (ಬೆಳಕು ಎಷ್ಟು ಹೊತ್ತು ಬೀಳಬೇಕು) ನಾನು ಹೇಳಿದಷ್ಟು, ಐಎಸ್ಓನೂ (ಬೆಳಕಿಗೆ ಎಷ್ಟು ಸೂಕ್ಷ್ಮವಾಗಿರಬೇಕು) ನಾನು ಹೇಳಿದಷ್ಟೇ, ನೀನು ಸುಮ್ನೆ ಹೇಳಿದ ಹಾಗೆ ಕೇಳು ಅಂತ. 2008ರ ಕೊನೆಗೆ ಮಾರಾಟಕ್ಕೆ ಬಂದ ಕ್ಯಾನನ್ 5ಡಿ ಮಾರ್ಕ್ 2 ಫೋಟೋ ತೆಗೆಯುವಾಗ ಈ ಮಾತನ್ನು ಚಾಚೂ ತಪ್ಪದೆ ಕೇಳುತ್ತಿತ್ತು. ವಿಡಿಯೋ ಅಂದ ತಕ್ಷಣ ಕಿವುಡಾಗುತ್ತಿತ್ತು. ಡಯಲ್ ಎಲ್ಲೇ ಇರಲಿ, ಮೂರನ್ನೂ ತಾನೇ ಲೆಕ್ಕ ಹಾಕಿ ತಾನೇ ಬದಲಾಯಿಸುತ್ತಿತ್ತು.

2009ರ ಜೂನ್ 2ರಂದು ಒಂದು ಫೈಲ್ ಬಂತು, ಕ್ಯಾಮೆರಾವನ್ನು ಒಳಗಿಂದ ನಡೆಸುವ ಸಾಫ್ಟ್‌ವೇರಿನ, ಅಂದರೆ ಫರ್ಮ್‌ವೇರಿನ, ಹೊಸ ಆವೃತ್ತಿ. ಕಾರ್ಡಿಗೆ ಹಾಕಿ, ಕೆಲವೇ ನಿಮಿಷ ಕಾದರೆ ಅದೇ ಕ್ಯಾಮೆರಾ ಮಾತು ಕೇಳತೊಡಗಿತು. ಒಂದು ಸ್ಕ್ರೂ ಬಿಚ್ಚಿರಲಿಲ್ಲ, ಸೆನ್ಸರ್ ಅದೇ, ಲೆನ್ಸ್ ಅದೇ, ಬಟನ್ನುಗಳು ಅವೇ. ಅಂದರೆ ಮಾಡುವ ಶಕ್ತಿ ಮೊದಲಿಂದ ಒಳಗೇ ಇತ್ತು, ಮಾಡಲು ಬಿಡುತ್ತಿರಲಿಲ್ಲ ಅಷ್ಟೇ. ಫರ್ಮ್‌ವೇರ್ ಅಂದರೆ ಏನು ಅಂತ ಯಾರಾದರೂ ಕೇಳಿದಾಗ ನಾನು ಇದೊಂದನ್ನೇ ಉದಾಹರಣೆ ಕೊಡುತ್ತೇನೆ, ಹಾಗಾಗಿ ಈ ಸಲ ಪೂರ್ತಿ ಕತೆಯನ್ನೇ ಬರೆಯೋಣ ಅನ್ನಿಸಿತು.

ಮೊದಲು ಹಿನ್ನೆಲೆ, ಚುಟುಕಾಗಿ. ವಿಡಿಯೋ ಮಾಡುವ ಮೊದಲ ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ, ಒಳಗೆ ಕನ್ನಡಿ ಇರುವ ಡಿಜಿಟಲ್ ಕ್ಯಾಮೆರಾ) 5ಡಿ ಮಾರ್ಕ್ 2 ಅಲ್ಲ, ನಿಕಾನ್ ಡಿ90. ಅದನ್ನು 2008ರ ಆಗಸ್ಟ್ 27ರಂದು ಪ್ರಕಟಿಸಿದರು. ಅದರ ವಿಡಿಯೋ 720 ಗೆರೆಗಳದ್ದು, ಸೆಕೆಂಡಿಗೆ 24 ಫ್ರೇಮು. ಮೂರು ವಾರ ಕಳೆದು, ಸೆಪ್ಟೆಂಬರ್ 17ಕ್ಕೆ, ಕ್ಯಾನನ್ ತನ್ನದನ್ನು ತಂದಿತು: 21.1 ಮೆಗಾಪಿಕ್ಸೆಲ್, ಫುಲ್ ಫ್ರೇಮ್ ಸೆನ್ಸರ್, 1920 x 1080 ವಿಡಿಯೋ, ಸೆಕೆಂಡಿಗೆ 30 ಫ್ರೇಮು. ಆ ಕಾಲದಲ್ಲಿ ಕೈಗೆಟುಕುವ ಬೆಲೆಯ ವಿಡಿಯೋ ಕ್ಯಾಮೆರಾಗಳ ಒಳಗೆ ಉಗುರಿನಷ್ಟು ಸೆನ್ಸರ್ ಇರುತ್ತಿತ್ತು. ಇಲ್ಲಿ 36 ಮಿಲಿಮೀಟರ್ ಅಗಲದ್ದು. ಅಷ್ಟು ದೊಡ್ಡ ಸೆನ್ಸರ್ ಮುಂದೆ ಎಫ್ 1.4 ಲೆನ್ಸ್ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅಪರ್ಚರ್ ದೊಡ್ಡದು) ಹಾಕಿದರೆ ಕಣ್ಣು ಮಾತ್ರ ಶಾರ್ಪು, ಕಿವಿ ಆಗಲೇ ಮಸುಕು, ಹಿನ್ನೆಲೆ ಬೆಣ್ಣೆ ಕರಗಿದ ಹಾಗೆ. ಸಿನಿಮಾ ಮಾಡುವವರಿಗೆ ಬಾಯಲ್ಲಿ ನೀರೂರದೆ ಇರುತ್ತದಾ?

ಆದರೆ ಕ್ಯಾನನ್ ಮನಸ್ಸಲ್ಲಿಟ್ಟುಕೊಂಡಿದ್ದು ಸಿನಿಮಾದವರನ್ನಲ್ಲ, ಸುದ್ದಿ ಫೋಟೋಗ್ರಾಫರ್‌ಗಳನ್ನು. ಒಂದು ಘಟನೆ ನಡೆಯುತ್ತಿದೆ, ಹತ್ತು ಫೋಟೋ ತೆಗೆದಾಯಿತು, ಹಾಗೇ ಒಂದರ್ಧ ನಿಮಿಷ ವಿಡಿಯೋನೂ ಬೇಕು. ಅಂಥವರಿಗೆ ಆಟೋ ಎಕ್ಸ್‌ಪೋಷರ್, ಅಂದರೆ ಬೆಳಕಿನ ಲೆಕ್ಕವನ್ನು ಕ್ಯಾಮೆರಾಗೇ ಬಿಡುವುದು, ನಿಜವಾಗಿಯೂ ಉಪಕಾರವೇ. ಓಡುತ್ತಾ ಶೂಟ್ ಮಾಡುವವರು ಡಯಲ್ ತಿರುಗಿಸುತ್ತಾ ಕೂರುವುದಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮ್ಯಾನುಯಲ್ ಕೊಡದಿದ್ದುದನ್ನು ಎಷ್ಟೋ ಜನ ಶುದ್ಧ ದಡ್ಡತನ ಅಂತ ಬೈದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಯಾರಿಗೆ ಅಂತ ಮಾಡಿದರೋ ಅವರ ಲೆಕ್ಕದಲ್ಲಿ ಅದು ಸರಿಯಾಗೇ ಇತ್ತು. ಕೊಂಡವರು ಬೇರೆಯವರಾಗಿದ್ದರು, ಅಷ್ಟೇ.

ಈಗ ತೊಂದರೆಯನ್ನು ಹತ್ತಿರದಿಂದ ನೋಡೋಣ.

ಒಂದು ಕೋಣೆ. ಒಬ್ಬರು ಕುರ್ಚಿಯಿಂದ ಎದ್ದು ಕಿಟಕಿ ಮುಂದೆ ಹಾದು ಬಾಗಿಲ ಕಡೆ ಹೋಗುತ್ತಾರೆ. ಕ್ಯಾಮೆರಾ ಅವರ ಹಿಂದೆಯೇ ತಿರುಗುತ್ತದೆ. ಗೋಡೆ ಕಾಣುತ್ತಿರುವಷ್ಟು ಹೊತ್ತು ಮುಖ ಚೆನ್ನಾಗಿದೆ. ಕಿಟಕಿ ಫ್ರೇಮಿನೊಳಗೆ ಬಂದ ತಕ್ಷಣ ಕ್ಯಾಮೆರಾ ಅಯ್ಯೋ ಬೆಳಕು ಜಾಸ್ತಿಯಾಯಿತು ಅಂತ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಅಥವಾ ಎರಡು ಪಟ್ಟು) ಇಳಿಸಿಬಿಡುತ್ತದೆ, ಮುಖ ಕಪ್ಪಾಗುತ್ತದೆ. ಕಿಟಕಿ ದಾಟಿದ ಮೇಲೆ ಮತ್ತೆ ನಿಧಾನಕ್ಕೆ ಏರಿಸುತ್ತದೆ. ಯಾರೋ ಆಚೆ ನಿಂತು ಬೆಳಕಿನ ಸ್ವಿಚ್ ಜೊತೆ ಆಟ ಆಡುತ್ತಿರುವ ಹಾಗೆ ಕಾಣುತ್ತದೆ. ಫೋಟೋದಲ್ಲಿ ಇದು ತಪ್ಪೇ ಅಲ್ಲ, ಯಾಕೆಂದರೆ ಅಲ್ಲಿ ಒಂದೊಂದು ಚಿತ್ರಕ್ಕೂ ಅದರದ್ದೇ ಲೆಕ್ಕ. ವಿಡಿಯೋದಲ್ಲಿ ಹಿಂದಿನ ಫ್ರೇಮು ಮುಂದಿನದಕ್ಕೆ ಅಂಟಿಕೊಂಡಿರುತ್ತದಲ್ಲ, ಅಲ್ಲೇ ಸಿಕ್ಕಿಬೀಳುವುದು. ಎಡಿಟಿಂಗಿಗೆ ಕೂತಾಗ ಇನ್ನೂ ಕಷ್ಟ: ಒಂದೇ ದೃಶ್ಯದ ಎರಡು ಶಾಟ್ ಪಕ್ಕಪಕ್ಕ ಇಟ್ಟರೆ ಒಂದಕ್ಕೊಂದು ಹೊಂದುವುದೇ ಇಲ್ಲ.

ಇದು ಕಣ್ಣಿಗೆ ಕಾಣುವ ತೊಂದರೆ. ಕಾಣದ ಹಾಗೆ ಕಾಡುವ ತೊಂದರೆ ಶಟರ್‌ದು. ಒಂದು ಲೆಕ್ಕ ಹಾಕಿ. ಮೋಡ ಇಲ್ಲದ ಬಿಸಿಲಿಗೆ ಹಳಬರ ಸೂತ್ರ ಒಂದಿದೆ: ಐಎಸ್ಓ 100, ಅಪರ್ಚರ್ ಎಫ್ 16, ಶಟರ್ 1/100. ಹಿನ್ನೆಲೆ ಮಸುಕಾಗಲಿ ಅಂತ ಅಪರ್ಚರನ್ನು ಎಫ್ 2.8ಕ್ಕೆ ತೆರೆದರೆ ಐದು ಸ್ಟಾಪ್ ಬೆಳಕು ಹೆಚ್ಚಾಯಿತು, ಅಂದರೆ 32 ಪಟ್ಟು. ಅದನ್ನು ಸರಿದೂಗಿಸಲು ಆಟೋ ಕ್ಯಾಮೆರಾ ಶಟರನ್ನು 1/3200ಕ್ಕೆ ಒಯ್ಯುತ್ತದೆ. ಪ್ರತಿ ಫ್ರೇಮೂ ಕಲ್ಲಿನಲ್ಲಿ ಕೆತ್ತಿದಷ್ಟು ಸ್ಪಷ್ಟ. ಆದರೆ ನಡೆಯುವ ಮನುಷ್ಯ ನಡೆಯುವುದಿಲ್ಲ, ಕುಪ್ಪಳಿಸುತ್ತಾನೆ. ಚಲನೆ ನಯವಾಗಿ ಕಾಣಬೇಕಾದರೆ ಒಂದೊಂದು ಫ್ರೇಮಿನಲ್ಲೂ ಸ್ವಲ್ಪ ಮಸುಕು ಇರಬೇಕು. ಅದಕ್ಕೇ ಸಿನಿಮಾದವರು ಶಟರನ್ನು ಫ್ರೇಮಿನ ಕಾಲದ ಅರ್ಧಕ್ಕೆ ಇಡುವುದು. 25 ಫ್ರೇಮಿಗೆ 1/50, 30ಕ್ಕೆ 1/60. ಬಿಸಿಲಲ್ಲಿ 1/50 ಸಿಗಬೇಕಾದರೆ ಲೆನ್ಸ್ ಮುಂದೆ ಕಪ್ಪು ಗಾಜು, ಅಂದರೆ ಎನ್‌ಡಿ ಫಿಲ್ಟರ್ ಹಾಕಬೇಕು. 1/3200ರಿಂದ 1/50ಕ್ಕೆ ಆರು ಸ್ಟಾಪ್, ಸರಿಯಾಗಿ 64 ಪಟ್ಟು. ಕ್ಯಾಮೆರಾ ಆಟೋದಲ್ಲಿದ್ದರೆ ಆ ಫಿಲ್ಟರ್ ಹಾಕಿಯೂ ಭರವಸೆ ಇಲ್ಲ. ಕತ್ತಲಾಯಿತು ಅಂದುಕೊಂಡು ಅದು ಶಟರ್ ಇಳಿಸುತ್ತದೋ ಐಎಸ್ಓ ಏರಿಸುತ್ತದೋ, ಆ ಕ್ಷಣಕ್ಕೆ ಅದಕ್ಕೆ ಹೇಗೆ ತೋಚಿತೋ ಹಾಗೆ.

ಕೃತಕ ಬೆಳಕಿನಲ್ಲಿ ಮತ್ತೊಂದು ಗೋಳು. ವಿದ್ಯುತ್ 50 ಹರ್ಟ್ಸ್ ಇರುವ ಕಡೆ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ, 60 ಹರ್ಟ್ಸ್ ಇರುವ ಕಡೆ 120 ಸಲ. ಕಣ್ಣಿಗೆ ಗೊತ್ತಾಗುವುದಿಲ್ಲ, ಸೆನ್ಸರಿಗೆ ಗೊತ್ತಾಗುತ್ತದೆ. ಶಟರ್ ಆ ಮಿಣುಕಿನ ಲೆಕ್ಕಕ್ಕೆ ಹೊಂದದಿದ್ದರೆ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ತೇಲುತ್ತವೆ. 50 ಹರ್ಟ್ಸ್‌ಗೆ 1/50 ಅಥವಾ 1/100 ಇಟ್ಟರೆ ಪಟ್ಟಿ ಮಾಯ. ಇಷ್ಟು ಸುಲಭದ ಪರಿಹಾರ. ಆದರೆ ಶಟರ್ ನಮ್ಮ ಕೈಯಲ್ಲಿ ಇದ್ದರೆ ತಾನೇ?

ಹಾಗಾದರೆ ಫರ್ಮ್‌ವೇರ್ ಬರುವ ತನಕದ ಆ ಸುಮಾರು ಆರು ತಿಂಗಳು ಜನ ಏನು ಮಾಡಿದರು? ಇಡೀ ಪ್ರಕರಣದಲ್ಲಿ ನನಗೆ ತುಂಬಾ ಇಷ್ಟವಾಗುವ ಭಾಗ ಇದೇ, ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

ಕ್ಯಾನನ್‌ನ ಇಎಫ್ ಲೆನ್ಸುಗಳಲ್ಲಿ ಅಪರ್ಚರ್ ತಿರುಗಿಸುವ ರಿಂಗ್ ಇಲ್ಲ. ಲೆನ್ಸ್ ಒಳಗೇ ಪುಟ್ಟ ಮೋಟಾರಿದೆ, ಕ್ಯಾಮೆರಾ ತಂತಿ ಮೂಲಕ ಹೇಳಿದಷ್ಟು ಅದು ಎಲೆಗಳನ್ನು ಮುಚ್ಚುತ್ತದೆ. ಈಗ ಕುತಂತ್ರ ನೋಡಿ. ಫೋಟೋ ಮೋಡಿನಲ್ಲಿ ಬೇಕಾದ ಅಪರ್ಚರ್ ಇಡಿ. ಡೆಪ್ತ್ ಆಫ್ ಫೀಲ್ಡ್, ಅಂದರೆ ಎಲ್ಲಿಂದ ಎಲ್ಲಿಯವರೆಗೆ ಶಾರ್ಪಾಗಿರುತ್ತದೆ ಅನ್ನುವುದನ್ನು, ನೋಡಲು ಲೆನ್ಸ್ ಬುಡದಲ್ಲಿ ಒಂದು ಪುಟ್ಟ ಬಟನ್ ಇದೆಯಲ್ಲ, ಅದನ್ನು ಒತ್ತಿ ಹಿಡಿಯಿರಿ, ಅಪರ್ಚರ್ ಎಲೆಗಳು ಮುಚ್ಚಿಕೊಳ್ಳುತ್ತವೆ. ಒತ್ತಿಕೊಂಡೇ, ಇನ್ನೊಂದು ಕೈಯಿಂದ ಲೆನ್ಸ್ ಬಿಚ್ಚುವ ಬಟನ್ ಒತ್ತಿ, ಲೆನ್ಸನ್ನು ಸ್ವಲ್ಪವೇ ಸ್ವಲ್ಪ ತಿರುಗಿಸಿ. ತಂತಿಯ ಸಂಪರ್ಕ ಕಡಿದುಹೋಯಿತು. ಎಲೆಗಳಿಗೆ ತೆರೆದುಕೋ ಅಂತ ಹೇಳುವವರೇ ಇಲ್ಲ, ಹಾಗಾಗಿ ಅವು ಅಲ್ಲೇ ನಿಲ್ಲುತ್ತವೆ. ಕ್ಯಾಮೆರಾ ಪರದೆಯಲ್ಲಿ ಎಫ್ 00 ಅಂತ ತೋರಿಸುತ್ತದೆ, ಪಾಪ, ಲೆನ್ಸೇ ಇಲ್ಲ ಅಂದುಕೊಂಡಿದೆ. ನೀವು ಮಾತ್ರ ಅರ್ಧ ಬಿಚ್ಚಿದ ಲೆನ್ಸಿಗೆ ಅಂಗೈ ಆನಿಸಿಕೊಂಡು ಶೂಟ್ ಮಾಡಬೇಕು. ಲಾಕ್ ಆಗಿರದ ಲೆನ್ಸು, ಇನ್ನೂ ಸ್ವಲ್ಪ ತಿರುಗಿದರೆ ನೆಲಕ್ಕೆ.

ಇದಕ್ಕಿಂತ ಸುರಕ್ಷಿತ ದಾರಿ ನಿಕಾನ್‌ನ ಹಳೆಯ ಲೆನ್ಸು. ಹೌದು, ಎದುರಾಳಿ ಕಂಪನಿಯದೇ. ಅವುಗಳಲ್ಲಿ ಅಪರ್ಚರ್ ರಿಂಗ್ ಲೆನ್ಸಿನ ಮೇಲೇ ಇರುತ್ತದೆ, ಕೈಯಲ್ಲಿ ತಿರುಗಿಸಿದರೆ ಸಾಕು, ಕ್ಯಾಮೆರಾದ ಅಪ್ಪಣೆ ಬೇಡ. ಲೆನ್ಸ್ ಕೂರುವ ಮುಖದಿಂದ ಸೆನ್ಸರಿಗೆ ಇರುವ ದೂರ ನಿಕಾನ್‌ನಲ್ಲಿ 46.5 ಮಿಲಿಮೀಟರ್, ಕ್ಯಾನನ್‌ನಲ್ಲಿ 44. ನಡುವಿನ ಎರಡೂವರೆ ಮಿಲಿಮೀಟರ್ ಜಾಗದಲ್ಲಿ ಒಂದು ತೆಳ್ಳನೆ ಅಡಾಪ್ಟರ್ ಬಳೆ ಕೂತುಬಿಡುತ್ತದೆ. ಕ್ಯಾನನ್ ಕ್ಯಾಮೆರಾ ಹೇಳಿದ ಹಾಗೆ ಕೇಳಲಿ ಅಂತ ನಿಕಾನ್ ಲೆನ್ಸ್ ಹಾಕುವುದು! ಕಂಪನಿಯ ಎಂಜಿನಿಯರುಗಳಿಗೆ ಇದನ್ನು ನೋಡಿ ಹೇಗನ್ನಿಸಿರಬೇಕು ಅಂತ ನಾನು ಆಗಾಗ ಯೋಚಿಸಿದ್ದುಂಟು.

ಇಷ್ಟಾದರೂ ಹಿಡಿತಕ್ಕೆ ಬಂದದ್ದು ಅಪರ್ಚರ್ ಒಂದೇ. ಶಟರ್ ಮತ್ತು ಐಎಸ್ಓ ಇನ್ನೂ ಕ್ಯಾಮೆರಾ ಜೇಬಲ್ಲಿ. ಅದಕ್ಕೆ ಎಕ್ಸ್‌ಪೋಷರ್ ಲಾಕ್ ಇತ್ತು. ಕ್ಯಾಮೆರಾವನ್ನು ಬೆಳಕಿನ ಕಡೆಗೋ ಕತ್ತಲ ಕಡೆಗೋ ತೋರಿಸುತ್ತಾ ಹೋಗಿ, ಶಟರ್ ಮತ್ತು ಐಎಸ್ಓ ನಮಗೆ ಬೇಕಾದ ಹತ್ತಿರಕ್ಕೆ ಬಂದ ಕ್ಷಣಕ್ಕೆ ಲಾಕ್ ಮಾಡಿ, ಆಮೇಲೆ ನಿಜವಾದ ದೃಶ್ಯದ ಕಡೆ ತಿರುಗುವುದು. ಹಟಮಾರಿ ಮಗುವಿಗೆ ಬೇರೇನೋ ತೋರಿಸಿ ತುತ್ತು ತಿನ್ನಿಸಿದ ಹಾಗೆ. ಲಾಕ್ ಬಿಟ್ಟುಹೋದರೆ ಮತ್ತೆ ಮೊದಲಿಂದ.

2009ರ ಮೇ ಕೊನೆಯ ವಾರ ಕ್ಯಾನನ್ ಪ್ರಕಟಣೆ ಕೊಟ್ಟಿತು, ಜೂನ್ 2ಕ್ಕೆ ಫರ್ಮ್‌ವೇರ್ 1.1.0 ಬಂತು. ಅದರಲ್ಲಿದ್ದದ್ದು ಒಂದೇ ದೊಡ್ಡ ಸಂಗತಿ. ಡಯಲ್ ಎಂನಲ್ಲಿದ್ದರೆ ವಿಡಿಯೋಗೂ ಎಂ. ಅಪರ್ಚರ್ ಪೂರ್ತಿ ನಮ್ಮದು, ಶಟರ್ 1/30ರಿಂದ 1/4000ರವರೆಗೆ, ಐಎಸ್ಓ ಆಟೋ ಬೇಕಾದರೆ ಆಟೋ, ಬೇಡವಾದರೆ 100ರಿಂದ 6400, ಅದರ ಮೇಲೆ ಎಚ್1 ಅನ್ನುವ ಇನ್ನೂ ಹೆಚ್ಚಿನ ಮಟ್ಟ. ಶಟರ್ ಯಾಕೆ 1/30ಕ್ಕೇ ನಿಂತಿತು ಅಂತ ಕೇಳುವವರಿಗೆ: ಸೆಕೆಂಡಿಗೆ 30 ಫ್ರೇಮು ಬೇಕೆಂದರೆ ಒಂದು ಫ್ರೇಮಿಗೆ ಸಿಗುವುದೇ 1/30 ಸೆಕೆಂಡು, ಅದಕ್ಕಿಂತ ಹೆಚ್ಚು ಹೊತ್ತು ತೆರೆದಿಡಲು ಸಮಯ ಎಲ್ಲಿದೆ?

ಹಾಕುವ ಕೆಲಸ ಸುಲಭ, ಆದರೆ ಅವಸರ ಸಲ್ಲದು. ಈಗಲೂ ಎಷ್ಟೋ ಕ್ಯಾಮೆರಾಗಳಿಗೆ ಹೀಗೆಯೇ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು. ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಫೈಲನ್ನು ಯಾವ ಫೋಲ್ಡರಿನ ಒಳಗೂ ಹಾಕದೆ ನೇರ ಕಾರ್ಡಿನ ಮೇಲ್ಮಟ್ಟಕ್ಕೆ ನಕಲು ಮಾಡಬೇಕು. ಕ್ಯಾನನ್‌ನಲ್ಲಿ ಆ ಫೈಲಿನ ಹೆಸರು ಎಫ್‌ಐಆರ್ ಅಂತ ಮುಗಿಯುತ್ತದೆ, ನೋಡಿ ಗಾಬರಿಯಾಗಬೇಡಿ. ಡಯಲ್ ಫುಲ್ ಆಟೋದಲ್ಲಿದ್ದರೆ ಮೆನುವಿನಲ್ಲಿ ಫರ್ಮ್‌ವೇರ್ ಸಾಲೇ ಕಾಣುವುದಿಲ್ಲ, ಪಿ ಗೆ ತಿರುಗಿಸಬೇಕು. ಪರದೆಯ ಮೇಲೆ ಪಟ್ಟಿ ಓಡುತ್ತಿರುವಾಗ ಯಾವ ಬಟನ್ನೂ ಮುಟ್ಟಬಾರದು, ಕಾರ್ಡಿನ ಬಾಗಿಲು ತೆಗೆಯಲೇಬಾರದು. ಅರ್ಧದಲ್ಲಿ ಕರೆಂಟ್ ಹೋದರೆ ಕ್ಯಾಮೆರಾ ಹಳೆಯದೂ ಅಲ್ಲ ಹೊಸದೂ ಅಲ್ಲ ಅನ್ನುವ ಸ್ಥಿತಿಗೆ ಬಂದು ಸರ್ವಿಸ್ ಸೆಂಟರ್ ದಾರಿ ಹಿಡಿಯುತ್ತದೆ.

ಸರಿ, ಹಾಕಿದ ಮೇಲೆ? ಕಿಟಕಿ ಮುಂದೆ ನಡೆದ ಆ ಮನುಷ್ಯನನ್ನು ಮತ್ತೆ ನಡೆಸಿ. ಎಫ್ 2.8, 1/50, ಐಎಸ್ಓ 800. ಕಿಟಕಿ ಬಂದಾಗ ಕಿಟಕಿ ಬೆಳ್ಳಗೆ ಸುಟ್ಟುಹೋಗುತ್ತದೆ, ಹೋಗಲಿ, ಮುಖ ಮಾತ್ರ ಮಿಸುಕುವುದಿಲ್ಲ. ಟ್ಯೂಬ್‌ಲೈಟಿನ ಪಟ್ಟಿಗಳೂ ಹೋದವು. ಆಗಿನ್ನೂ ಕ್ಯಾಮೆರಾದಲ್ಲಿ 25 ಫ್ರೇಮು ಇರಲಿಲ್ಲ, ಬರೀ 30. ಆದರೂ ಶಟರ್ 1/50 ಇಟ್ಟರೆ ಮಿಣುಕು ನಿಲ್ಲುತ್ತಿತ್ತು, ಯಾಕೆಂದರೆ ಮಿಣುಕಿನ ಲೆಕ್ಕ ಮುಖ್ಯವಾಗಿ ಶಟರ್ ಜೊತೆಗೆ, ಫ್ರೇಮು ಎಷ್ಟು ಅನ್ನುವುದರ ಜೊತೆಗಲ್ಲ. ಇದು ಗೊತ್ತಿಲ್ಲದೆ 25 ಬರಲಿ ಅಂತ ಸುಮ್ಮನೆ ಕಾದವರೂ ಇದ್ದಾರು.

ಆದರೆ ಹಿಡಿತ ಕೈಗೆ ಬಂದರೆ ತಪ್ಪೂ ನಮ್ಮ ತಲೆಗೇ, ಅಲ್ವಾ? 1.1.0ದಲ್ಲಿ ಮ್ಯಾನುಯಲ್ ಕೊಟ್ಟರು, ಅದನ್ನು ಅಳೆಯಲು ಹಿಸ್ಟೋಗ್ರಾಮ್ (ಚಿತ್ರದಲ್ಲಿ ಬೆಳಕು ಹೇಗೆ ಹಂಚಿದೆ ಅಂತ ತೋರಿಸುವ ನಕ್ಷೆ) ಕೊಡಲಿಲ್ಲ. ವಿಡಿಯೋ ಮೋಡಿನಲ್ಲಿ ಬೆಳಕು ಸರಿ ಇದೆಯೋ ಇಲ್ಲವೋ ಅಂತ ಹಿಂದಿನ ಪರದೆ ನೋಡಿ ಅಂದಾಜು ಮಾಡಬೇಕು. ಬಿಸಿಲಲ್ಲಿ ಪರದೆ ಮಂಕಾಗಿ ಕಂಡು ಜನ ಒಂದು ಸ್ಟಾಪ್ ಜಾಸ್ತಿ ಕೊಡುತ್ತಾರೆ, ಕತ್ತಲೆ ಕೋಣೆಯಲ್ಲಿ ಅದೇ ಪರದೆ ದೀಪದ ಹಾಗೆ ಹೊಳೆದು ಒಂದು ಸ್ಟಾಪ್ ಕಮ್ಮಿ ಕೊಡುತ್ತಾರೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದಾಗ ತಿಳಿಯುತ್ತದೆ. ಆಟೋ ಇದ್ದಾಗ ಕ್ಯಾಮೆರಾವನ್ನು ಬೈಯಬಹುದಿತ್ತು, ಅದೂ ತಪ್ಪಿತು.

ನಡುವೆ, 2009ರ ಸೆಪ್ಟೆಂಬರಿನಲ್ಲಿ ಕ್ಯಾನನ್ 7ಡಿ ಬಂತು. ಸಣ್ಣ ಸೆನ್ಸರ್, ಕಡಿಮೆ ಬೆಲೆ, ಆದರೆ ಮೊದಲ ದಿನದಿಂದಲೇ ಮ್ಯಾನುಯಲ್ ವಿಡಿಯೋ, 24 ಮತ್ತು 25 ಫ್ರೇಮು ಕೂಡ. ತಮ್ಮನಿಗೆ ಹೊಸ ಬಟ್ಟೆ, ಅಣ್ಣನಿಗೆ ಹಳೆಯದು. 5ಡಿ ಮಾರ್ಕ್ 2 ಕೊಂಡವರು ಸುಮ್ಮನಿರುತ್ತಾರಾ? ಅದಕ್ಕೂ ಫರ್ಮ್‌ವೇರ್ ಕೊಡುತ್ತೇವೆ ಅಂತ ಕಂಪನಿ ಮಾತು ಕೊಟ್ಟಿತು, 2010ರ ಮಾರ್ಚಿನಲ್ಲಿ 2.0.3 ಬಂತು.

ಇದು ಮೊದಲಿನದಕ್ಕಿಂತ ದೊಡ್ಡ ಗಂಟು. 24 ಮತ್ತು 25 ಫ್ರೇಮು. 30 ಅಂತಿದ್ದದ್ದು ಟಿವಿ ಲೆಕ್ಕಕ್ಕೆ ಸರಿಯಾಗಿ 29.97. ಮ್ಯಾನುಯಲ್ಲಿಗೆ ಕೊನೆಗೂ ಹಿಸ್ಟೋಗ್ರಾಮ್. ವಿಡಿಯೋದಲ್ಲಿ ಶಟರ್ ಒಂದನ್ನೇ ಅಥವಾ ಅಪರ್ಚರ್ ಒಂದನ್ನೇ ಹಿಡಿದಿಟ್ಟು ಉಳಿದದ್ದನ್ನು ಕ್ಯಾಮೆರಾಗೆ ಬಿಡುವ ಅವಕಾಶ. ಧ್ವನಿಯ ಮಟ್ಟವನ್ನು 64 ಮೆಟ್ಟಿಲುಗಳಲ್ಲಿ ಕೈಯಾರೆ ಇಡುವ ವ್ಯವಸ್ಥೆ, ಸ್ಯಾಂಪ್ಲಿಂಗ್ (ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆಯುತ್ತದೆ ಅನ್ನುವುದು) 44.1ರಿಂದ 48 ಕಿಲೋಹರ್ಟ್ಸ್‌ಗೆ. ಧ್ವನಿಯದು ಸಣ್ಣ ವಿಷಯವಲ್ಲ. ಅದುವರೆಗೆ ಮಾತಿನ ನಡುವೆ ಮೌನ ಬಂದರೆ ಕ್ಯಾಮೆರಾ ಮೈಕನ್ನು ತಾನೇ ಏರಿಸಿ ಹಿನ್ನೆಲೆಯ ಸರಸರ ಸದ್ದನ್ನು ಎತ್ತಿ ತೋರಿಸುತ್ತಿತ್ತು. ಕಿಟಕಿ ಮುಂದೆ ಬೆಳಕಿಗೆ ಆದದ್ದೇ ಇಲ್ಲಿ ಸದ್ದಿಗೆ.

ಮತ್ತೆ ಎಡವಿದ್ದೂ ಅಲ್ಲೇ. 2.0.3 ಬಂದ ಕೆಲವೇ ದಿನಕ್ಕೆ ಕ್ಯಾನನ್ ಅದನ್ನು ವಾಪಸ್ ತೆಗೆಯಿತು. ಕಾರಣ ಹೀಗೆ: ಡಯಲ್ಲಿನಲ್ಲಿ ಸಿ1, ಸಿ2, ಸಿ3 ಅಂತ ನಮ್ಮ ಸ್ವಂತ ಸೆಟ್ಟಿಂಗ್ ಉಳಿಸಿಕೊಳ್ಳುವ ಜಾಗಗಳಿವೆ. ಅವುಗಳಲ್ಲಿ ಒಂದನ್ನು ಆರಿಸಿ ಧ್ವನಿಯನ್ನು ಮ್ಯಾನುಯಲ್‌ಗೆ ಇಟ್ಟುಕೊಂಡಿದ್ದರೆ, ಕ್ಯಾಮೆರಾ ಆಫ್ ಆಗಿ ಮತ್ತೆ ಆನ್ ಆದ ಮೇಲೆ ಧ್ವನಿ ದಾಖಲಾಗುತ್ತಲೇ ಇರಲಿಲ್ಲ. ತಾನಾಗೇ ಆಫ್ ಆದರೂ ಅಷ್ಟೇ. ಯಾರಿಗೆ ಹೆಚ್ಚು ಪೆಟ್ಟು ಅಂತ ಗಮನಿಸಿ. ಸುಮ್ಮನೆ ಆಟೋದಲ್ಲಿ ಶೂಟ್ ಮಾಡುವವರಿಗೆ ಏನೂ ಆಗುವುದಿಲ್ಲ. ಶಿಸ್ತಾಗಿ ಎಲ್ಲವನ್ನೂ ಕೈಯಾರೆ ಜೋಡಿಸಿ, ಸಿ1ಕ್ಕೆ ಉಳಿಸಿಟ್ಟು, ನಡುನಡುವೆ ಬ್ಯಾಟರಿ ಉಳಿಸಲು ಆಫ್ ಮಾಡುವವರಿಗೇ ಮೌನ ವಿಡಿಯೋ. ಚಿತ್ರ ಚೆನ್ನಾಗೇ ಬರುವುದರಿಂದ ಶೂಟಿಂಗ್ ಜಾಗದಲ್ಲಿ ಗೊತ್ತೂ ಆಗುವುದಿಲ್ಲ, ಈ ಕ್ಯಾಮೆರಾಗೆ ಹೆಡ್‌ಫೋನ್ ಚುಚ್ಚುವ ತೂತು ಬೇರೆ ಇಲ್ಲ. ಅದೇ ತಿಂಗಳಲ್ಲಿ ಸರಿಮಾಡಿದ 2.0.4 ಬಂತು.

ಹೊಸ ಫರ್ಮ್‌ವೇರ್ ಬಂದ ದಿನವೇ ಹಾಕಬೇಕಾ ಅನ್ನುವ ಪ್ರಶ್ನೆಗೆ ನನ್ನ ಉತ್ತರ ಆ ಮಾರ್ಚಿನಿಂದ ಬದಲಾಗಿಲ್ಲ. ಕೆಲಸ ಕೈಯಲ್ಲಿದ್ದಾಗ ಹಾಕಬೇಡಿ. ಎರಡು ವಾರ ಕಾಯಿರಿ, ಬೇರೆಯವರು ಎಡವಲಿ. ಹಾಕಿದ ಮೇಲೆ ನಿಮ್ಮ ಸ್ವಂತ ಸೆಟ್ಟಿಂಗಿನಲ್ಲೇ, ನಿಮ್ಮ ಅಭ್ಯಾಸದಂತೆಯೇ, ಆಫ್ ಮಾಡಿ ಆನ್ ಮಾಡಿ ಒಂದು ನಿಮಿಷ ಶೂಟ್ ಮಾಡಿ, ಕಂಪ್ಯೂಟರಿಗೆ ಹಾಕಿ ಧ್ವನಿ ಸಮೇತ ಕೇಳಿ. ಮೆನುವಿನಲ್ಲಿ ಹೊಸ ನಂಬರ್ ಕಂಡರೆ ಪರೀಕ್ಷೆ ಮುಗಿದ ಹಾಗಲ್ಲ. ಇದು ಸ್ವಲ್ಪ ಪುಕ್ಕಲು ಸಲಹೆ ಅನ್ನಿಸಬಹುದು, ಇರಲಿ.

2010ರಲ್ಲಿ ಅಮೆರಿಕದ ಒಂದು ದೊಡ್ಡ ಟಿವಿ ಧಾರಾವಾಹಿ ತನ್ನ ಆ ಸೀಸನ್ನಿನ ಕೊನೆಯ ಕಂತನ್ನು ಇದೇ 5ಡಿ ಮಾರ್ಕ್ 2ರಲ್ಲಿ ಶೂಟ್ ಮಾಡಿತು. ಮುಖ ಕಪ್ಪಾಗಿ ಬೆಳ್ಳಗಾಗುವ ಕ್ಯಾಮೆರಾದಲ್ಲಿ ಅದು ಆಗುವ ಮಾತಲ್ಲ.

ಫರ್ಮ್‌ವೇರ್ ಮುಟ್ಟಲಾಗದ ಸಂಗತಿಗಳು ಹಾಗೇ ಉಳಿದವು. ಕ್ಯಾಮೆರಾ ಬೇಗ ತಿರುಗಿಸಿದರೆ ನೆಟ್ಟಗಿನ ಕಂಬ ವಾಲುವುದು, ಸಣ್ಣ ಚೌಕುಳಿಯ ಅಂಗಿ ಹಾಕಿದವರ ಮೇಲೆ ಬಣ್ಣದ ಅಲೆ ಓಡುವುದು, ಇವೆಲ್ಲ ಸೆನ್ಸರ್ ಓದುವ ರೀತಿಯಿಂದಲೇ ಬರುವಂಥವು. ಒಂದು ಫೈಲು 4 ಜಿಬಿ ಮುಟ್ಟಿದರೆ, ಅಂದರೆ ಸುಮಾರು 12 ನಿಮಿಷಕ್ಕೆ, ರೆಕಾರ್ಡಿಂಗ್ ನಿಲ್ಲುತ್ತಿದ್ದುದು ಕೊನೆವರೆಗೂ ಇತ್ತು. ಕಂಪನಿ ಕೊಡದಿದ್ದುದನ್ನು ತಾವೇ ಮಾಡಿಕೊಳ್ಳುತ್ತೇವೆ ಅಂದವರೂ ಇದ್ದರು. ಮ್ಯಾಜಿಕ್ ಲ್ಯಾಂಟರ್ನ್ ಅನ್ನುವ ಹೊರಗಿನವರ ಸಾಫ್ಟ್‌ವೇರ್ 2009ರಲ್ಲಿ ಶುರುವಾದದ್ದೇ ಈ ಕ್ಯಾಮೆರಾಗೆ. ಕಾರ್ಡಿನಿಂದ ಓಡುತ್ತದೆ, ಕಂಪನಿಯ ಫರ್ಮ್‌ವೇರನ್ನು ಅಳಿಸುವುದಿಲ್ಲ. ಧ್ವನಿಯ ಮೀಟರ್, ಬೆಳಕು ಸುಟ್ಟಿರುವ ಜಾಗದಲ್ಲಿ ಗೆರೆ ತೋರಿಸುವ ಜೀಬ್ರಾ, ಹೀಗೆ ಏನೇನೋ ಸೇರಿಸಿತು. ಆದರೆ ಒಂದು ನಿರ್ದಿಷ್ಟ ಫರ್ಮ್‌ವೇರ್ ನಂಬರಿನ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಕಂಪನಿ ಹೊಸದನ್ನು ತಂದರೆ ಇದನ್ನು ಬಳಸುವವರು ಹಾಕಲೂ ಆಗದೆ ಬಿಡಲೂ ಆಗದೆ ಕೂರಬೇಕು.

ಎಚ್‌ಡಿಎಂಐ ತಂತಿಯದ್ದೂ ಹೀಗೇ. 5ಡಿ ಮಾರ್ಕ್ 2ರಲ್ಲಿ ರೆಕಾರ್ಡ್ ಒತ್ತಿದ ತಕ್ಷಣ ಹೊರಗಿನ ಮಾನಿಟರಿಗೆ ಹೋಗುವ ಚಿತ್ರ 480 ಗೆರೆಗಳಿಗೆ ಕುಸಿಯುತ್ತಿತ್ತು, ಫೋಕಸ್ ನೋಡುವವರು ತಲೆ ಚಚ್ಚಿಕೊಳ್ಳುತ್ತಿದ್ದರು. ಅದಕ್ಕೆ ಮದ್ದು ಬರಲೇ ಇಲ್ಲ. 2012ರಲ್ಲಿ 5ಡಿ ಮಾರ್ಕ್ 3 ಬಂದಾಗಲೂ ಅದರ ಎಚ್‌ಡಿಎಂಐಯಿಂದ ಶುದ್ಧ ಚಿತ್ರ, ಅಂದರೆ ಮೇಲೆ ಅಂಕಿ-ಗುರುತುಗಳಿಲ್ಲದ ಚಿತ್ರ, ಹೊರಗೆ ಸಿಗುತ್ತಿರಲಿಲ್ಲ. ಜನ ಮತ್ತೆ ಕೇಳಿದರು, ಮತ್ತೆ ಕಾದರು. 2013ರ ಏಪ್ರಿಲ್ ಕೊನೆಗೆ 1.2.1 ಅಂತ ಒಂದು ಫೈಲ್ ಬಂತು. ಕಾರ್ಡಿಗೆ ಹಾಕಿ, ಡಯಲ್ ಪಿ ಗೆ ತಿರುಗಿಸಿ, ಕೆಲವು ನಿಮಿಷ ಕಾದರು. ತೂತು ಅದೇ, ತಂತಿ ಅದೇ, ಚಿತ್ರ ಹೊರಗೆ ಬಂತು.